ಒಂಬತ್ತರಲ್ಲಿ ನಿಂತ ಕ್ಯಾಮೆರಾ

ಊಟಿಯ ಕಮರ್ಷಿಯಲ್ ರಸ್ತೆಯ ಗದ್ದಲವನ್ನು ಹಿಂದೆ ಬಿಟ್ಟು ಪಕ್ಕದ ಓಣಿಗೆ ಹೊರಳಿದರೆ ಮೊದಲು ಮೂಗಿಗೆ ಬರುವುದು ನೀಲಗಿರಿ ಎಣ್ಣೆಯ ವಾಸನೆ. ಅದರ ಬೆನ್ನಿಗೇ ಒಲೆಯಿಂದ ಆಗಷ್ಟೇ ಇಳಿದ ವರ್ಕಿ ಬಿಸ್ಕತ್ತಿನ ಘಮ, ಆಮೇಲೆ ಗೋಣಿಚೀಲಗಳಲ್ಲಿ ಒತ್ತಿ ತುಂಬಿದ ಕ್ಯಾರೆಟ್ಟಿಗೆ ಅಂಟಿದ ಹಸಿ ಮಣ್ಣಿನದು. ಅಕ್ಟೋಬರ್ ತಿಂಗಳ ಬೆಳಿಗ್ಗೆ ಹತ್ತು ಗಂಟೆ. ಮಂಜು ಇನ್ನೂ ತಗಡಿನ ಮಾಡುಗಳ ಮೇಲಿಂದ ಏಳುವ ಮನಸ್ಸು ಮಾಡಿಲ್ಲ. ಕೂನೂರಿನ ಕಡೆಯಿಂದ ಬರುವ ಪುಟಾಣಿ ರೈಲಿನ ಸಿಳ್ಳೆ ಎಲ್ಲೋ ದೂರದಲ್ಲಿ ಕೇಳಿ ಅಲ್ಲೇ ಕರಗಿತು. ಓಣಿಯ ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಕೋಣೆ. ಬೋರ್ಡಿಲ್ಲ. ಬಾಗಿಲಿಗೆ ಒರಗಿಸಿಟ್ಟ ಕೊಡೆಯಿಂದ ನೀರು ಇಳಿಯುತ್ತಿದ್ದರೆ ಯಜಮಾನರು ಒಳಗಿದ್ದಾರೆ ಎಂದು ತಿಳಿಯಬೇಕು. ತಲೆ ತಗ್ಗಿಸಿಕೊಂಡು ಬನ್ನಿ, ಬಾಗಿಲು ಗಿಡ್ಡ.

ಒಳಗೆ ಬೆಳಕು ಕಡಿಮೆ. ಇರುವಷ್ಟೂ ಬೆಳಕು ಕಿಟಕಿಯಿಂದ ಇಳಿದು ಒಂದು ಮೇಜಿನ ಮೇಲೆ ಕೂತಿದೆ. ಮೇಜಿಗೆ ಹಳೆಯ ಬಿಳಿ ಪಂಚೆಯ ತುಂಡು ಹಾಸಿದ್ದಾರೆ. ಬಿದ್ದ ಸ್ಕ್ರೂ ಕಣ್ಣಿಗೆ ಕಾಣಬೇಕು, ಉರುಳಿ ಹೋಗಬಾರದು ಎಂದು. ಗಡಿಯಾರ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರುಗಳು, ಮೂತಿ ಚೂಪಾದ ಇಕ್ಕಳ, ಗಾಳಿ ಊದುವ ರಬ್ಬರಿನ ಬುರುಡೆ, ಬೆಂಕಿಕಡ್ಡಿಗೆ ಸುತ್ತಿದ ಹತ್ತಿ, ಔಷಧದ ಪುಟ್ಟ ಸೀಸೆಯಲ್ಲಿ ಪೆಟ್ರೋಲು. ಗೋಡೆಗೆ ಒಂದು ಗಾಜಿನ ಕಪಾಟು. ಅದರೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಯುತ್ತದೆ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಈ ಊರಲ್ಲಿ ಥಂಡಿಗೆ ಮನುಷ್ಯರ ಕೀಲಿಗಿಂತ ಮೊದಲು ಲೆನ್ಸುಗಳಿಗೆ ಬಾಧೆ ಹತ್ತುತ್ತದೆ. ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ, ಬಿಟ್ಟರೆ ಗಾಜನ್ನೇ ಕೊರೆಯುತ್ತದೆ. ಆ ಬಲ್ಬಿನ ಬಿಸಿ ಕಪಾಟಿನೊಳಗಿನ ಗಾಳಿಯನ್ನು ಒಣಗಿಸಿ ಇಡುತ್ತದೆ. ಬೆಚ್ಚಗಿನ ಆ ಹಳದಿ ಬೆಳಕಿನಲ್ಲಿ ಎರಡು ಕಣ್ಣಿನ ಕ್ಯಾಮೆರಾಗಳು ಸಾಲಾಗಿ ಕೂತಿವೆ. ಒಂದರ ಪಕ್ಕ ಒಂದಲ್ಲ, ಒಂದರ ಮೇಲೊಂದು ಕಣ್ಣು.

ಇವುಗಳಿಗೆ ಪುಸ್ತಕದಲ್ಲಿ ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಎಂಬ ಹೆಸರು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಮೇಲಿನ ಕಣ್ಣಿನ ಹಿಂದೆ ಓರೆಯಾಗಿ ಕೂರಿಸಿದ ಕನ್ನಡಿ ಎದುರಿನ ದೃಶ್ಯವನ್ನು ಮೇಲಕ್ಕೆ, ಮಸುಕು ಗಾಜಿನ ಹಲಗೆಯ ಮೇಲಕ್ಕೆ ಎತ್ತಿಕೊಡುತ್ತದೆ. ತೆಗೆಯುವವರು ಪೆಟ್ಟಿಗೆಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮುಚ್ಚಳ ತೆರೆದು, ಬಾವಿಗೆ ಇಣುಕಿದ ಹಾಗೆ ಒಳಗೆ ನೋಡಬೇಕು. ತಳದಲ್ಲಿ ಹೊಳೆಯುವ ಚೌಕದಲ್ಲಿ ಎಡ ಬಲವಾಗಿರುತ್ತದೆ, ಬಲ ಎಡವಾಗಿರುತ್ತದೆ. ಹಳೆಯ ಸ್ಟುಡಿಯೊಗಳಲ್ಲಿ ಮದುಮಕ್ಕಳನ್ನು ನಿಲ್ಲಿಸಿಕೊಂಡು ‘ಸ್ವಲ್ಪ ಈ ಕಡೆ, ಇಲ್ಲ ಇಲ್ಲ, ಆ ಕಡೆ’ ಎಂದು ಕೈಯಾಡಿಸುತ್ತಿದ್ದರಲ್ಲ, ಅದಕ್ಕೆ ಈ ಕನ್ನಡಿಯೇ ಕಾರಣ.

ಯಜಮಾನರಿಗೆ ಎಪ್ಪತ್ತೈದು ದಾಟಿದೆ. ಬಡಗರವರು, ಹಟ್ಟಿ ಪೇಟೆಯಿಂದ ನಾಲ್ಕು ಮೈಲಿ. ತಲೆಗೆ ಉಣ್ಣೆಯ ಟೋಪಿ, ಹಣೆಯ ಮೇಲಕ್ಕೆ ಎತ್ತಿಟ್ಟ ಕನ್ನಡಕ, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ. ಅವರು ಬಡಗ ಮಾತಾಡುತ್ತಾರೆ, ನಾನು ಮೈಸೂರು ಕಡೆಯ ಕನ್ನಡ. ಮನೆ, ನೀರು, ಹಟ್ಟಿ ಎನ್ನುವಷ್ಟರಲ್ಲಿ ಎರಡೂ ಮಾತುಗಳು ಒಂದೇ ಅಂಗಳಕ್ಕೆ ಬಂದಿರುತ್ತವೆ. ಎಲ್ಲಾದರೂ ತೊಡಕಿದರೆ ಅವರು ಕೈಯಲ್ಲಿ ತೋರಿಸುತ್ತಾರೆ. ಆ ಕೈಗಳನ್ನು ನೀವು ನೋಡಬೇಕು. ಬೆರಳುಗಳು ದಪ್ಪ, ಉಗುರಿನ ಸಂದಿಗೆ ಕಪ್ಪು ಗ್ರೀಸು. ಆದರೆ ಸಾಸಿವೆ ಕಾಳಿನಷ್ಟು ಸ್ಕ್ರೂವನ್ನು ಎತ್ತುವಾಗ ಹಸುಗೂಸಿನ ಕಿವಿ ಮುಟ್ಟಿದಷ್ಟು ಹಗುರ.

ನಾನು ಹೊತ್ತು ತಂದದ್ದು ಸೋದರಮಾವನ ಕ್ಯಾಮೆರಾ. ಮಾವ ಗೂಡಲೂರಿನ ಟೀ ಎಸ್ಟೇಟೊಂದರಲ್ಲಿ ರೈಟರಾಗಿದ್ದರು. ಅವರು ತೀರಿಹೋಗಿ ಬಹಳ ವರ್ಷಗಳಾದ ಮೇಲೆ, ಅತ್ತೆ ಮನೆ ಬದಲಿಸುವಾಗ ತಗಡಿನ ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ವಾಸನೆಯ ಕಂಬಳಿಯೊಳಗೆ ಇದು ಸಿಕ್ಕಿತು. ಕಂದು ಚರ್ಮದ ಚೀಲ ಒಣಗಿ ಹಪ್ಪಳದಂತಾಗಿತ್ತು. ಸಿಕ್ಕಿದ ದಿನವೇ ಮನೆಯಲ್ಲಿ ಮಾತು ಹುಟ್ಟಿತು. ‘ಇಂಗ್ಲಿಷ್ ದೊರೆ 1947ರಲ್ಲಿ ಊರಿಗೆ ಹೊರಟಾಗ ನಿಮ್ಮ ಮಾವನಿಗೆ ಕೊಟ್ಟುಹೋದದ್ದು’ ಎಂದು ಅತ್ತೆ. ‘ಆಗ ಅಣ್ಣ ಇನ್ನೂ ಸ್ಕೂಲಿಗೆ ಹೋಗ್ತಿದ್ದ, ದೊರೆಯನ್ನ ಎಲ್ಲಿ ನೋಡಿದ?’ ಎಂದು ಅಮ್ಮ. ಇಬ್ಬರಿಗೂ ಮನಸ್ಸು ನೋಯದ ಹಾಗೆ ಒಂದು ಇಸವಿ ತಿಳಿದು ಬಾ ಎಂದು ನನ್ನನ್ನು ಕಳಿಸಿದರು.

ಮೇಜಿನ ಮೇಲಿಟ್ಟೆ. ಯಜಮಾನರು ಹೆಸರಿನ ಕಡೆ ನೋಡಲಿಲ್ಲ. ಪಕ್ಕಕ್ಕೆ ತಿರುಗಿಸಿ, ಬಲಗಡೆಯ ಗುಬಟಿನ ಹತ್ತಿರವಿದ್ದ ಬೆರಳಗಲದ ಕಿಂಡಿಯನ್ನು ಹತ್ತಿಯಿಂದ ಒರೆಸಿ, ಕಣ್ಣಿಟ್ಟರು. ‘ಒಂಬತ್ತು’ ಎಂದರು. ಮತ್ತೇನೂ ಹೇಳಲಿಲ್ಲ. ಹಿಂಬಾಗಿಲ ಕೊಂಡಿಯ ಮೇಲೆ ನನ್ನ ಕೈ ಹೋಗುತ್ತಿದ್ದದ್ದನ್ನು ಕಂಡು ‘ಇರು ತಮ್ಮಾ’ ಎಂದು ಮೆಲ್ಲಗೆ ಸರಿಸಿದರು.

ಅಲ್ಲಿಂದ ಮುಂದಿನ ಒಂದು ತಾಸು ಅವರು ಮಾಡಿದ್ದು, ಹಳೆಯ ಕಾಲದ ನಾಟಿವೈದ್ಯರು ನಾಡಿ ಹಿಡಿಯುವ ಮೊದಲು ಕಣ್ಣು, ನಾಲಿಗೆ, ಉಗುರು ನೋಡುತ್ತಿದ್ದರಲ್ಲ, ಅಂಥ ಕೆಲಸ. ಮೊದಲು ಮೈ ತಡವಿದರು. ಹೊದಿಕೆಯ ಕಪ್ಪು ಚರ್ಮ ಒಂದು ಮೂಲೆಯಲ್ಲಿ ಎದ್ದಿತ್ತು. ಸ್ಕ್ರೂಗಳ ತಲೆಯನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿದರು. ಗೀರಿಲ್ಲ. ಯಾರೂ ಇದನ್ನು ಬಿಚ್ಚಿಲ್ಲ ಎಂದು ಅದರ ಅರ್ಥ. ಬಿಚ್ಚದ ಕ್ಯಾಮೆರಾ ಮೈಮೇಲೆ ಬರೆದದ್ದನ್ನು ನಂಬಬಹುದು. ಬಿಚ್ಚಿದ್ದರೆ ಒಂದರ ಹಣೆಪಟ್ಟಿ ಇನ್ನೊಂದರ ಮೈಗೆ, ಒಂದರ ಲೆನ್ಸು ಇನ್ನೊಂದರ ಮೂತಿಗೆ ಬಂದಿರುವ ಸಂಭವವುಂಟು.

ಆಮೇಲೆ ಹಣೆ. ಮೇಲಿನ ಲೆನ್ಸಿನ ಮೇಲೆ ‘ರೋಲಿಕಾರ್ಡ್’ ಎಂದು ಬರೆದಿತ್ತು. ಅಕ್ಷರಗಳ ತಗ್ಗಿನಲ್ಲಿ ಧೂಳು ತುಂಬಿ, ಬೆಳ್ಳಿಯ ಬಟ್ಟಲಿನ ಮೇಲಿನ ಹಳೆಯ ಹೆಸರಿನ ಹಾಗೆ ಕಾಣುತ್ತಿತ್ತು. ಅವರು ಪಕ್ಕದ ಗುಬಟು ತೋರಿಸಿದರು. ಫಿಲಂ ಮುಂದೂಡಲು ಮಡಚುವ ಹಿಡಿ ಇದ್ದರೆ ರೋಲಿಫ್ಲೆಕ್ಸ್, ದುಂಡು ಗುಬಟಿದ್ದರೆ ಹೆಚ್ಚು ಕಡಿಮೆ ರೋಲಿಕಾರ್ಡ್. ಎರಡೂ ಒಂದೇ ಮನೆಯ ಮಕ್ಕಳು. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಪೌಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ ಎಂಬಿಬ್ಬರು 1920ರಲ್ಲಿ ಒಂದು ಕಾರ್ಖಾನೆ ಹಾಕಿದರು. ಮೊದಲು ಅವರು ಮಾಡಿದ್ದು ಮೂರು ಕಣ್ಣಿನ ಕ್ಯಾಮೆರಾ: ಎಡಬಲದ ಎರಡು ಕಣ್ಣು ಜೋಡಿ ಚಿತ್ರಕ್ಕೆ, ನಡುವಿನದು ನೋಡಲಿಕ್ಕೆ. ಅದರಲ್ಲಿ ಒಂದು ಕಣ್ಣು ಬಿಟ್ಟು ಉಳಿದೆರಡನ್ನು ನೆಟ್ಟಗೆ ನಿಲ್ಲಿಸಿದಾಗ ರೋಲಿಫ್ಲೆಕ್ಸ್ ಆಯಿತು. 1929ರಲ್ಲಿ ಪೇಟೆಗೆ ಬಂತು. ಎರಡು ಕಣ್ಣಿನ ಪೆಟ್ಟಿಗೆಗಳು ಅದಕ್ಕೂ ಮೊದಲು ಇದ್ದವು, ಆದರೆ ಅವು ದೊಡ್ಡವು, ಗಾಜಿನ ಫಲಕ ತುಂಬುವಂಥವು. ಸುರುಳಿ ಫಿಲಂ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಬೆಟ್ಟ ಹತ್ತಬಹುದಾದದ್ದು ಇದು. ಕೈಗೆ ಎಟುಕುವ ಬೆಲೆಯ ತಂಗಿಯಾಗಿ 1933ರಲ್ಲಿ ರೋಲಿಕಾರ್ಡ್ ಬಂತು. ಮೊಟ್ಟಮೊದಲ ರೋಲಿಕಾರ್ಡಿಗೆ ಕಪ್ಪು ಚರ್ಮದ ಹೊದಿಕೆಯೇ ಇರಲಿಲ್ಲ, ಮೈತುಂಬ ಚಿತ್ತಾರ ಕೊರೆದ ನಿಕಲ್ ತಗಡು. ಅಂಥದ್ದೊಂದು ಎಲ್ಲಾದರೂ ಕಂಡರೆ ಇಸವಿ ಹುಡುಕುವ ಶ್ರಮವೇ ಬೇಡ. ಮೂವತ್ತರ ದಶಕದ ನಡುವಿನದು ಎಂದು ಕಣ್ಣು ಮುಚ್ಚಿ ಹೇಳಬಹುದು.

ನಮ್ಮದು ಕಪ್ಪು ಹೊದಿಕೆಯದು. ಹಣೆಪಟ್ಟಿಯ ಚಿಕ್ಕ ಅಕ್ಷರಗಳ ಮೇಲೆ ಯಜಮಾನರು ಭೂತಗನ್ನಡಿ ಇಳಿಸಿ, ನನಗೂ ಇಣುಕಲು ಹೇಳಿದರು. ‘ಡಿ.ಬಿ.ಪಿ.’ ಎಂದಿತ್ತು. ನಡುವಿನ ಆ ‘ಬಿ’ ಅಕ್ಷರದ ಮೇಲೆ ಅವರು ಬೆಂಕಿಕಡ್ಡಿಯ ತುದಿ ಇಟ್ಟರು. ಯುದ್ಧಕ್ಕೆ ಮೊದಲಿನ ಜರ್ಮನ್ ಸಾಮಾನುಗಳಲ್ಲಿ ಅಲ್ಲಿ ‘ಆರ್’ ಇರುತ್ತದೆ. ರೈಕ್ ಸರ್ಕಾರದ ಪೇಟೆಂಟು. ಯುದ್ಧದಲ್ಲಿ ಸೋತು, ದೇಶ ಹೋಳಾಗಿ, 1949ರಲ್ಲಿ ಪಶ್ಚಿಮ ಜರ್ಮನಿ ಎಂಬ ಹೊಸ ಸರ್ಕಾರ ಬಂದ ಮೇಲೆ ‘ಆರ್’ ಹೋಗಿ ‘ಬಿ’ ಬಂತು. ಬುಂಡೆಸ್, ಎಂದರೆ ಒಕ್ಕೂಟದ ಪೇಟೆಂಟು. ಒಂದು ದೇಶ ಮುರಿದು ಕಟ್ಟಿಕೊಂಡದ್ದು ಕಡ್ಡಿಯ ತುದಿಯಷ್ಟು ಅಕ್ಷರದಲ್ಲಿ ಉಳಿದಿತ್ತು. ಅತ್ತೆಯ 1947 ಅಲ್ಲಿಗೆ ಜಾರಿತು. ನನ್ನ ಮುಖ ನೋಡಿ ಯಜಮಾನರು, ‘ಅವಸರ ಬೇಡ, ಇನ್ನೂ ಇದೆ’ ಎಂದರು.

ಹೊರಗೆ ಯಾರೋ ಕ್ಯಾರೆಟ್ ಮೂಟೆ ಇಳಿಸುವ ಸದ್ದು. ಎದುರು ಅಂಗಡಿಯ ಹುಡುಗ ಎರಡು ಲೋಟ ಟೀ ತಂದಿಟ್ಟುಹೋದ. ಯಜಮಾನರು ತಮ್ಮ ಲೋಟವನ್ನು ಮೇಜಿನಿಂದ ದೂರ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಕುಡಿಯಲಿಲ್ಲ, ಎರಡು ಕೈಯಲ್ಲೂ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಂಡು ಮತ್ತೆ ಕೂತರು.

ಈಗ ಕೆಳಗಿನ ಕಣ್ಣು. ಬೆಳಕಿಗೆ ಓರೆಯಾಗಿ ಹಿಡಿದಾಗ ಗಾಜಿನ ಮೇಲೆ ತೆಳುವಾದ ನೇರಳೆ ಬಣ್ಣ ಹರಿಯಿತು, ಪಾರಿವಾಳದ ಕುತ್ತಿಗೆಯ ಮೇಲಿನ ಹೊಳಪಿನಷ್ಟು. ಇದು ಲೆನ್ಸಿಗೆ ಕೊಟ್ಟ ಲೇಪ. ಯುದ್ಧಪೂರ್ವದ ರೋಲಿಕಾರ್ಡಿನ ಗಾಜು ಬೋಳು, ನೀರಿನ ಹಾಗೆ. ಈ ಲೇಪದ ಬಣ್ಣ ಯುದ್ಧಾನಂತರದ ಗುರುತು. ಲೆನ್ಸಿನ ಸುತ್ತ ಉಂಗುರದಂತೆ ಹೆಸರು ಬರೆದಿತ್ತು: ಷ್ನೈಡರ್ ಕ್ರಾಯ್ಟ್ಸ್‌ನಾಖ್ ಕಂಪನಿಯ ಕ್ಸೆನಾರ್, 75 ಮಿಲಿಮೀಟರ್. ಅದರ ಮುಂದೆ ಒಂದು ಸಂಖ್ಯೆ, 46 ಲಕ್ಷದ ಮೇಲೆ. ಈ ಕಂಪನಿಯವರು ತಮ್ಮ ಎಲ್ಲ ಲೆನ್ಸುಗಳಿಗೂ ಒಂದೇ ಸರಣಿಯಲ್ಲಿ ನಂಬರು ಹಾಕುತ್ತ ಹೋಗುತ್ತಾರೆ. ಷ್ನೈಡರಿನ ಲೆಕ್ಕ 1954ರ ಕೊನೆಯ ಹೊತ್ತಿಗೆ 40 ಲಕ್ಷ, 1957ರ ಆರಂಭದ ಹೊತ್ತಿಗೆ 50 ಲಕ್ಷ ಮುಟ್ಟಿತ್ತು. ನಡುವೆ 46 ಲಕ್ಷ ಎಲ್ಲಿ ಬೀಳುತ್ತದೆ ಎಂದು ಯಜಮಾನರು ನನ್ನನ್ನೇ ಕೇಳಿದರು. ಬೆರಳು ಮಡಿಸಿ ಲೆಕ್ಕ ಹಾಕಿದೆ. 1956.

‘ಲೆನ್ಸು ಹುಟ್ಟಿದ್ದು ಆವಾಗ. ಕ್ಯಾಮೆರಾ ಅದೇ ವರ್ಷ ಅಂತ ಯಾಕೆ ನಂಬಬೇಕು?’ ಎಂದರು. ಮೇಷ್ಟರ ಹಾಗಿತ್ತು ಆ ಪ್ರಶ್ನೆ. ಮೈಯ ನಂಬರು ನೋಡಿದೆವು. 15 ಲಕ್ಷದ 40 ಸಾವಿರದ ಆಸುಪಾಸು. ರೋಲಿಕಾರ್ಡಿನ ಐದನೆಯ ಮಾದರಿಯ ನಂಬರುಗಳು 15 ಲಕ್ಷದಿಂದ ಶುರುವಾಗುತ್ತವೆ. ಆ ಮಾದರಿ ತಯಾರಾದದ್ದು 1954ರಿಂದ 1957ರವರೆಗೆ. ಅದೂ ಸಾಲದೆ ಇನ್ನೊಂದು ಸಾಕ್ಷಿ ತೆಗೆದರು. ಶಟರಿನ ವೇಗ ತಿರುಗಿಸುವಲ್ಲಿ 1, 2, 4, 8, 15, 30, 60, 125 ಎಂದು ಅಂಕೆಗಳಿದ್ದವು. ಹಳೆಯ ಕಾಂಪೂರ್ ಶಟರುಗಳಲ್ಲಿ 1, 2, 5, 10, 25, 50, 100 ಎಂದಿರುತ್ತದೆ. ಪ್ರತಿ ಮೆಟ್ಟಿಲಿಗೂ ಬೆಳಕು ಸರಿಯಾಗಿ ಅರ್ಧಕ್ಕರ್ಧ ಆಗಲಿ ಎಂದು ಐವತ್ತರ ದಶಕದಲ್ಲಿ ಜರ್ಮನ್ನರು ಈ ಹೊಸ ಸಾಲಿಗೆ ಬಂದರು. ದೂರ ಹೊಂದಿಸುವ ಗುಬಟು ಬಲಗಡೆ ಇತ್ತು. 1957ರ ಮುಂದಿನ ಮಾದರಿಯಲ್ಲಿ ಅದು ಎಡಕ್ಕೆ ಹೋಯಿತು. ಹೀಗೆ ಒಂದು ಕಡೆಯಿಂದ ‘ಬಿ’ ಅಕ್ಷರ, ಒಂದು ಕಡೆಯಿಂದ ಲೆನ್ಸಿನ ನಂಬರು, ಒಂದು ಕಡೆಯಿಂದ ಗುಬಟು, ನಾಲ್ಕು ಕಡೆಯಿಂದ ಬೇಲಿ ಹಾಕಿ ದನ ಹಿಡಿದ ಹಾಗೆ ಇಸವಿಯನ್ನು ಹಿಡಿದರು. ಒಂದೇ ಗುರುತು ನೋಡಿ ಇಸವಿ ಹೇಳುವವರನ್ನು ನಾನು ಇನ್ನು ನಂಬಲಾರೆ.

ಕಪಾಟಿನಿಂದ ಒಂದೊಂದೇ ತೆಗೆದು ಕೈಗೆ ಕೊಟ್ಟರು. ಭಾರ ಗೊತ್ತಾಗಲಿ ಎಂದು. ಜಪಾನಿನ ಯಾಶಿಕಾ ಮ್ಯಾಟ್ 124ಜಿ, ನಮ್ಮ ಎಷ್ಟೋ ಊರುಗಳ ಸ್ಟುಡಿಯೊಗಳು ಮದುವೆಗೆ ಹೊತ್ತೊಯ್ದದ್ದು ಇಂಥದ್ದನ್ನೇ. 12 ಚಿತ್ರದ ಸುರುಳಿ, 24 ಚಿತ್ರದ ಸುರುಳಿ ಎರಡೂ ಹಿಡಿಯುತ್ತದೆಂದು 124. ಬೆಳಕು ಅಳೆಯುವ ಮೀಟರಿನ ಸಂಪರ್ಕಗಳಿಗೆ ಚಿನ್ನದ ಲೇಪವಿದೆಯೆಂದು ‘ಜಿ’. 1970ರಲ್ಲಿ ಬಂದು ಎಂಬತ್ತರ ದಶಕದ ನಡುವಿನವರೆಗೂ ತಯಾರಾಯಿತು. ಲೆನಿನ್‌ಗ್ರಾಡಿನ ಲುಬಿಟೆಲ್, ಹೆಸರಿನ ಅರ್ಥವೇ ಹವ್ಯಾಸಿ; ಪ್ಲಾಸ್ಟಿಕ್ಕಿನ ಮೈ, ಎತ್ತಿದರೆ ಖಾಲಿ ಡಬ್ಬಿಯಷ್ಟು ಹಗುರ. ಎರಡು ಲೆನ್ಸುಗಳ ಅಂಚಿಗೂ ಗಡಿಯಾರದ ಚಕ್ರದಂತೆ ಹಲ್ಲು ಕೊರೆದು ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುವ ಹಾಗೆ ಮಾಡಿದ್ದಾರೆ. ಲುಬಿಟೆಲ್ 166ರಲ್ಲಿ ನಂಬರಿನ ಮೊದಲೆರಡು ಅಂಕೆಯೇ ತಯಾರಾದ ವರ್ಷ, ಕೇಳುವುದೇ ಬೇಡ. ಜಪಾನಿನ ಹಳೆಯ ಸಾಮಾನುಗಳ ತಳದಲ್ಲಿ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಮುದ್ರೆ ಸಿಕ್ಕರೆ ಅದು ಅಮೆರಿಕದ ಸೈನ್ಯ ಅಲ್ಲಿದ್ದ ಕಾಲದ್ದು, 1952ರಿಂದೀಚೆಗಲ್ಲ. ಇವನ್ನೆಲ್ಲ ಹೇಳುವಾಗ ಯಜಮಾನರು ಒಂದು ಸಲವೂ ಪುಸ್ತಕ ತೆರೆಯಲಿಲ್ಲ.

ಕೊನೆಗೆ ಗುಬಟಿನ ಮೇಲಿನ ದೂರದ ಅಂಕೆಗಳನ್ನು ತೋರಿಸಿದರು. ಮೀಟರಿನಲ್ಲಿ ಇರಲಿಲ್ಲ, ಅಡಿಗಳಲ್ಲಿತ್ತು. ಇಂಗ್ಲಿಷ್ ಮಾತಾಡುವ ನಾಡಿಗೆಂದು ಮಾಡಿದ ಕ್ಯಾಮೆರಾ. ‘ನಿಮ್ಮ ಅತ್ತೆ ಪೂರ್ತಿ ತಪ್ಪು ಹೇಳಿಲ್ಲ’ ಎಂದರು. ಬ್ರಿಟಿಷ್ ಪ್ಲಾಂಟರುಗಳೆಲ್ಲ 1947ರ ಆಗಸ್ಟಿನಲ್ಲೇ ಗಂಟು ಕಟ್ಟಲಿಲ್ಲ. ಈ ಬೆಟ್ಟಗಳ ಟೀ ತೋಟಗಳಲ್ಲಿ ಅರವತ್ತರ ದಶಕದಲ್ಲೂ ದೊರೆಗಳಿದ್ದರು. ಹೊರಗಿನ ಕ್ಯಾಮೆರಾ ತರಿಸುವುದು ಆಮದು ನಿರ್ಬಂಧದಿಂದ ದುಬಾರಿಯಾಗಿದ್ದ ಆ ವರ್ಷಗಳಲ್ಲಿ ಊರು ಬಿಟ್ಟು ಹೋಗುವವರ ಹತ್ತಿರ ಕೊಳ್ಳುವುದೇ ದಾರಿ. ದೊರೆ ಕೊಟ್ಟದ್ದು ನಿಜವಿರಬಹುದು, ಇಸವಿಯಷ್ಟೇ ನೆನಪಿನಲ್ಲಿ ಹಿಂದಕ್ಕೆ ಜರುಗಿ ಸ್ವಾತಂತ್ರ್ಯದ ವರ್ಷಕ್ಕೆ ಅಂಟಿಕೊಂಡಿದೆ. ಮನೆಮಾತಿನ ಕಥೆಗಳು ಹಾಗೆಯೇ, ದೊಡ್ಡ ಇಸವಿ ಕಂಡರೆ ಅದರ ಪಕ್ಕ ಹೋಗಿ ಕೂರುತ್ತವೆ.

ಆಮೇಲೆ ಆ ಒಂಬತ್ತು. ಈ ಕ್ಯಾಮೆರಾದಲ್ಲಿ ಹಿಂಬಾಗಿಲು ತೆರೆದರೆ ಎಣಿಕೆ ತಾನಾಗಿ ಮೊದಲಿಗೆ ಮರಳುತ್ತದೆ. ಒಂಬತ್ತರಲ್ಲಿ ನಿಂತಿದೆ ಎಂದರೆ ಫಿಲಂ ಹಾಕಿ ಮುಚ್ಚಿದ ಬಾಗಿಲನ್ನು ಯಾರೂ ತೆರೆದಿಲ್ಲ. ಮಾವ ಎಂಟು ಚಿತ್ರ ತೆಗೆದು, ಒಂಬತ್ತನೆಯದಕ್ಕೆ ಸುರುಳಿ ಮುಂದೂಡಿ, ಚೀಲಕ್ಕೆ ಹಾಕಿಟ್ಟಿದ್ದಾರೆ. ನಾನು ಕೊಂಡಿ ಎತ್ತಿದ್ದರೆ ಒಂದು ಕ್ಷಣದ ಬೆಳಕು ಎಷ್ಟೋ ವರ್ಷದ ಕತ್ತಲನ್ನು ತಿಂದುಬಿಡುತ್ತಿತ್ತು. ಗುಬಟು ತಿರುಗಿಸಿ ಸುರುಳಿ ಮುಗಿಸಿಬಿಟ್ಟರೆ ಹೊರಗಿನ ಕಾಗದವೇ ಫಿಲಮ್ಮನ್ನು ಕಾಯುತ್ತದೆ, ಬೆಳಕಿನಲ್ಲೇ ತೆಗೆಯಬಹುದು; ಹೊಸ ಫಿಲಂ ಆಗಿದ್ದರೆ ಅವರೂ ಹಾಗೆ ಮಾಡುತ್ತಿದ್ದರು. ಆದರೆ ಇಷ್ಟು ಕಾಲ ಬಿಗಿದು ಕೂತದ್ದನ್ನು ಎಳೆದರೆ ಹರಿಯಬಹುದು.

ಯಜಮಾನರು ಮೂಲೆಯಿಂದ ಕಪ್ಪು ಬಟ್ಟೆಯ ಚೀಲ ತಂದರು. ಎರಡು ಪದರದ ಬಟ್ಟೆ, ಎರಡು ತೋಳು, ತೋಳಿನ ಬಾಯಿಗೆ ಎಲಾಸ್ಟಿಕ್ಕು. ಕ್ಯಾಮೆರಾ, ಮುಚ್ಚಳವಿರುವ ತಗಡಿನ ಡಬ್ಬಿ ಒಳಗಿಟ್ಟು, ಜಿಪ್ ಎಳೆದು, ತೋಳುಗಳಲ್ಲಿ ಕೈ ತೂರಿಸಿ ಕೂತರು. ಕಣ್ಣು ಕಿಟಕಿಯಾಚೆ ಮಂಜಿನ ಮೇಲಿತ್ತು. ಬಟ್ಟೆಯ ಕೆಳಗೆ ಬೆರಳುಗಳು ಆಡುವುದು ಹೊಟ್ಟೆಯೊಳಗಿನ ಕೂಸು ಹೊರಳಿದ ಹಾಗೆ ಕಾಣುತ್ತಿತ್ತು. ಕೊಂಡಿ ತೆರೆದ ಕಿಟ್ ಎನ್ನುವ ಸದ್ದು. ಕಾಗದ ಬಿಚ್ಚುವ ಸರಸರ. ನಾನು ಉಸಿರು ಬಿಗಿಹಿಡಿದಿದ್ದೆ. ಅವರು ನಿರಾಳವಾಗಿ ಮಾತಿಗೆ ತೊಡಗಿದರು.

ಕತ್ತಲಲ್ಲಿ ಕೆಲಸ ಮಾಡಿಯೇ ಅವರು ಮಕ್ಕಳನ್ನು ಓದಿಸಿದ್ದು. ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯಲ್ಲಿದ್ದರು. ನೀವು ಮೈಸೂರಿನಿಂದ ಗೂಡಲೂರು, ನಡುವಟ್ಟಂ, ಪೈಕಾರ ದಾಟಿ ಊಟಿಗೆ ಬರುವಾಗ, ಮಸಿನಗುಡಿಯ ಕಲ್ಲಟ್ಟಿ ಘಾಟಿ ಬಂದು ಸೇರುವ ತಲೈಕುಂದ ಕಳೆದು, ನೀಲಗಿರಿ ಮರಗಳ ನಡುವೆ ಇಂದುನಗರ ಎಂಬ ನಿಲ್ದಾಣ ಬರುತ್ತದೆ. ಕೇಂದ್ರ ಸರ್ಕಾರ 1960ರಲ್ಲಿ ಕಂಪನಿ ಕಟ್ಟಿ, ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವು ಪಡೆದು, 1967ರಲ್ಲಿ ಇಲ್ಲಿ ಫಿಲಂ ತಯಾರಿಸಲು ತೊಡಗಿತು. ಇಷ್ಟು ಎತ್ತರಕ್ಕೆ ಕಾರ್ಖಾನೆ ಏಕೆ ಬಂತು ಎಂಬುದಕ್ಕೆ ಉತ್ತರ ಕಿಟಕಿಯಾಚೆಯೇ ಇತ್ತು. ಫಿಲಂ ಎಂದರೆ ಜಿಲೆಟಿನ್ ಅಂಟಿನಲ್ಲಿ ಬೆಳ್ಳಿಯ ಲವಣದ ಕಣಗಳನ್ನು ಕಲಸಿ ತೆಳುವಾಗಿ ಬಳಿದ ಹಾಳೆ. ಬಳಿಯುವಾಗ ಒಂದು ಧೂಳಿನ ಕಣ ಕೂತರೆ ಅದು ಮುಂದೆ ಯಾರದೋ ಹಣೆಯ ಮೇಲಿನ ಕಲೆ. ಅದಕ್ಕೆ ಧೂಳಿಲ್ಲದ ಗಾಳಿ ಬೇಕು, ತಂಪು ಬೇಕು, ಶುದ್ಧ ನೀರು ಧಾರಾಳ ಬೇಕು. ಬೆಳಕು ಮಾತ್ರ ಬೇಡ. ಹೊಸದಾಗಿ ಸೇರಿದವರು ಗೋಡೆ ತಡವುತ್ತ ನಡೆಯುತ್ತಿದ್ದರಂತೆ; ತಿಂಗಳೊಪ್ಪತ್ತಿನಲ್ಲಿ ಎದುರು ಬಂದವರನ್ನು ಹೆಜ್ಜೆಯ ಸದ್ದಿನಲ್ಲೇ ಗುರುತಿಸುವಷ್ಟಾಗುತ್ತಿತ್ತಂತೆ. ಆಸ್ಪತ್ರೆಗಳ ಎಕ್ಸ್‌ರೇ ಹಾಳೆ, ಸಿನಿಮಾದ ಫಿಲಂ, ಸ್ಟುಡಿಯೊಗಳ ಬ್ರೋಮೈಡ್ ಕಾಗದ, ಎರಡು ಕಣ್ಣಿನ ಕ್ಯಾಮೆರಾಗಳಿಗೆ 120ರ ಸುರುಳಿ, ಎಲ್ಲವೂ ಇಲ್ಲಿಂದ ಇಳಿದು ದೇಶದ ಊರೂರಿಗೆ ಹೋದವು. ಹೆಸರು ‘ಇಂದು’. ಇಂದು ಎಂದರೆ ಚಂದ್ರ. ಬೆಳ್ಳಿಯ ಕೆಲಸಕ್ಕೆ ಒಪ್ಪುವ ಹೆಸರು. ಕನ್ನಡದ ಕಿವಿಗೆ ಅದು ಈ ಹೊತ್ತು, ಈ ದಿನ ಎಂದೂ ಕೇಳುತ್ತದೆ, ಚಿತ್ರ ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾತು ಯಾವುದಿದೆ?

ತೊಂಬತ್ತರ ದಶಕದಲ್ಲಿ ಕಾರ್ಖಾನೆ ರೋಗಗ್ರಸ್ತ ಉದ್ದಿಮೆಗಳ ಪಟ್ಟಿಗೆ ಸೇರಿತು. ಆಮೇಲೆ ಡಿಜಿಟಲ್ ಬಂತು. ಉಳಿದ ನೌಕರರ ಸ್ವಯಂ ನಿವೃತ್ತಿಗೆ ಕೇಂದ್ರ ಸಂಪುಟ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಇದನ್ನು ಹೇಳುವಾಗ ಯಜಮಾನರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೈ ಮಾತ್ರ ಚೀಲದೊಳಗೆ ಅರೆಗಳಿಗೆ ನಿಂತಿತು.

ಕೈ ಹೊರತೆಗೆದಾಗ ಡಬ್ಬಿಯ ಮುಚ್ಚಳ ಭದ್ರವಾಗಿತ್ತು. ಚೀಲದಿಂದ ಖಾಲಿ ಕ್ಯಾಮೆರಾ ತೆಗೆದು, ಒಂದು ಸೆಕೆಂಡಿಗೆ ವೇಗ ಇಟ್ಟು, ಲೆನ್ಸಿನ ಕೆಳಗಿನ ಸಣ್ಣ ಕಡ್ಡಿಯನ್ನು ಒಂದು ಪಕ್ಕಕ್ಕೆ ಒತ್ತಿ ಬಿಗಿ ಮಾಡಿ, ಇನ್ನೊಂದು ಪಕ್ಕಕ್ಕೆ ಒತ್ತಿ ಬಿಟ್ಟರು. ರೋಲಿಕಾರ್ಡಿನಲ್ಲಿ ಎರಡು ಕೆಲಸಕ್ಕೂ ಅದೊಂದೇ ಕಡ್ಡಿ. ಝೂಂ ಎಂದು ಹೊರಟ ಸದ್ದು ನಡುವೆ ನಿಂತು, ಮತ್ತೆ ಎದ್ದು, ಬಹಳ ಹೊತ್ತಿನ ಮೇಲೆ ಟಕ್ ಎಂದಿತು. ಗ್ರೀಸು ಗಟ್ಟಿಯಾಗಿದೆ, ಸ್ವಚ್ಛ ಮಾಡಿದರೆ ಓಡುತ್ತದೆ ಎಂದರು. ಚರ್ಮದ ಚೀಲವನ್ನು ತಲೆಕೆಳಗು ಮಾಡಿ ತಟ್ಟಿದರು. ಒಣಗಿದ ಟೀ ಎಲೆಯೊಂದರ ಜೊತೆ ಮಡಿಸಿದ ರಟ್ಟಿನ ಚೂರು ಬಿತ್ತು. ಫಿಲಂ ಪೊಟ್ಟಣದ ಕಿವಿ. ಹಾಕಿದ ಫಿಲಂ ಯಾವುದೆಂದು ನೆನಪಿರಲಿ ಎಂದು ಮಾವ ಹರಿದು ಇಟ್ಟುಕೊಂಡದ್ದು. ಮಾಸಿದ ಅಕ್ಷರದಲ್ಲಿ ‘ಇಂದು’ ಎಂದಿತ್ತು. ಅದರ ಕೆಳಗೆ, 1979ರೊಳಗೆ ತೊಳೆಸಬೇಕು ಎಂಬ ಮುದ್ರೆ.

ಯಜಮಾನರು ಆ ಚೂರನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆ ವರ್ಷಗಳಲ್ಲಿ ಅವರು ಕಾರ್ಖಾನೆಯಲ್ಲಿದ್ದರು. ಹಾಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫಿಲಂ ತಯಾರಾಗಿ ಒಂದೆರಡು ವರ್ಷದ ಬಾಳಿಕೆ ಹಾಕಿ ಆ ಮುದ್ರೆ ಒತ್ತುವುದು ರೂಢಿ. ಎಂದರೆ 1956ರ ಕ್ಯಾಮೆರಾದಲ್ಲಿ ಎಪ್ಪತ್ತರ ದಶಕದ ಕೊನೆಯ ಚಿತ್ರ. ಕ್ಯಾಮೆರಾದ ವಯಸ್ಸೇ ಬೇರೆ, ಅದು ಕಂಡದ್ದರ ವಯಸ್ಸೇ ಬೇರೆ; ಇಸವಿ ಹೇಳುವವರು ಎಡವುವುದು ಹೆಚ್ಚಾಗಿ ಇಲ್ಲಿ. ಬ್ರೌನ್‌ಷ್ವೈಗಿನಲ್ಲಿ ಹುಟ್ಟಿದ ಪೆಟ್ಟಿಗೆಯೊಳಗೆ ಇಂದುನಗರದ ಕತ್ತಲಲ್ಲಿ ಬಳಿದ ಬೆಳ್ಳಿ. ಆ ಕಾರ್ಖಾನೆಯಿಂದ ಮಾವನ ಎಸ್ಟೇಟಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ.

ನಾಲ್ಕನೆಯ ದಿನ ಮತ್ತೆ ಹೋದೆ. ಅವರೇ ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಫಿಲಂ ತೊಳೆದಿದ್ದರು. ಕೋಣೆಯಲ್ಲಿ ಹೈಪೊ ವಾಸನೆ ಇನ್ನೂ ಇತ್ತು. ಕಿಟಕಿಗೆ ಅಡ್ಡಲಾಗಿ ಕಟ್ಟಿದ ದಾರದಿಂದ 80 ಸೆಂಟಿಮೀಟರಿನಷ್ಟು ಉದ್ದದ ಪಟ್ಟಿ ಇಳಿಬಿದ್ದಿತ್ತು; ಹಾರದಿರಲೆಂದು ಕೆಳಗೆ ಬಟ್ಟೆಯ ಕ್ಲಿಪ್ಪು. ಹಳೆಯ ಫಿಲಂ, ಮುಕ್ಕಾಲು ಭಾಗ ಹೊಗೆ ಕವಿದ ಹಾಗೆ ಬೂದು. ಎಂಟರಲ್ಲಿ ಮೂರು ಏನೂ ಇರಲಿಲ್ಲ. ಐದು ಇದ್ದವು. ಎಲೆ ತೂಗುವ ತಕ್ಕಡಿಯ ಮುಂದೆ ಬುಟ್ಟಿ ಹೊತ್ತ ಹೆಂಗಸರ ಸಾಲು. ಮಳೆಯಲ್ಲಿ ನೆನೆದ ಎಸ್ಟೇಟ್ ಲಾರಿ. ಲೈನ್ ಮನೆಗಳ ಮೇಲೆ ಇಳಿದ ಮೋಡ. ಒಂದರಲ್ಲಿ ಮೆಟ್ಟಿಲ ಮೇಲೆ ಫ್ರಾಕು ಹಾಕಿಕೊಂಡ ಹುಡುಗಿ, ಬಲಗೈಯಲ್ಲಿ ಅರ್ಧ ತಿಂದ ವರ್ಕಿ. ಅತ್ತೆಯ ಮಗಳು, ನನ್ನ ಅಕ್ಕ. ಅವಳು ಹುಟ್ಟಿದ್ದು 1975ರಲ್ಲಿ. ಚಿತ್ರದಲ್ಲಿ ಮೂರು ವರ್ಷದ ಮೇಲಿಲ್ಲ. ರಟ್ಟಿನ ಚೂರು ಹೇಳಿದ್ದನ್ನೇ ಅವಳ ಎತ್ತರವೂ ಹೇಳಿತು. ಐದನೆಯದು ಅತ್ತೆ, ಸೆರಗಿನಿಂದ ಮುಖ ಮುಚ್ಚಿಕೊಳ್ಳುವಾಗ ಹಿಡಿದದ್ದು. ಒಂಬತ್ತರಿಂದ ಮುಂದೆ ಖಾಲಿ.

ಪ್ರಿಂಟು ಹಾಕಿಸಿ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ‘ಗೂಡಲೂರು, 1978ರ ಸುಮಾರು’ ಎಂದು ಬರೆದು ಅತ್ತೆಗೆ ಕೊಟ್ಟೆ. ಅತ್ತೆ ತಮ್ಮದನ್ನು ಎರಡು ಸಲ ತಿರುಗಿಸಿ ನೋಡಿ ಕನ್ನಡಕ ಒರೆಸಿಕೊಂಡರು. 1947ರ ಮಾತು ಮತ್ತೆ ಬರಲಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಇಂಥ ಎರಡು ಕಣ್ಣಿನ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ, ಎಣ್ಣೆ ಬಿಟ್ಟು ಒರೆಸಲೂ ಹೋಗಬೇಡಿ. ನಂಬರುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ, ಚೀಲದ ತಳ ತಟ್ಟಿ ನೋಡಿ. ಹಿಂಬಾಗಿಲ ಕೊಂಡಿ ಮುಟ್ಟುವ ಮೊದಲು, ಎಣಿಕೆಯ ಕಿಂಡಿಯಲ್ಲಿ ಯಾವ ಅಂಕೆ ನಿಂತಿದೆ ನೋಡಿ.